ಉಬ್ಬಸದ ಪಾಠದಲ್ಲಿ ಬಿಟ್ಟುಹೋಗುವ ಅರ್ಧ

ಶೆಟ್ಟಿಕೆರೆ ಸೀಮೆಯಲ್ಲಿ ಅಟ್ಟದಿಂದ ಇಳಿಸಿದ ಕೊಬ್ಬರಿ ಸುಲಿಯುವಾಗ ಏಳುವ ನಾರಿನ ದೂಳಿಗೆ ಉಬ್ಬಸದವರ ಎದೆ ಬಿಗಿಯಬಹುದು. ಏಕೆಂದು ವಿದ್ಯಾರ್ಥಿ ಕೇಳಿದರೆ ನೀವೇನು ಹೇಳುವಿರಿ?

ನಾವು ಭೌತಶಾಸ್ತ್ರದವರು ಪ್ವಾಸೇಯ ನಿಯಮ ಹೇಳಿ ಮುಗಿಸುತ್ತೇವೆ: ಸುಗಮ ಹರಿವಿನಲ್ಲಿ ನಾಳದ ತ್ರಿಜ್ಯ ಅರ್ಧವಾದರೆ ರೋಧ 16 ಪಟ್ಟು. ಲೆಕ್ಕ ಸರಿ. ಆದರೆ ನಾಳವನ್ನು ಕಿರಿದಾಗಿಸಿದ್ದು ಯಾವುದು? ಇಲ್ಲಿ ಕೈಕಾಲಿನ ಸ್ನಾಯುವಿನ ಟ್ರೊಪೋನಿನ್ ಚಿತ್ರವನ್ನೇ ಬರೆದುಬಿಡುವುದುಂಟು. ಅದು ತಪ್ಪು. ಶ್ವಾಸನಾಳದ ಅನೈಚ್ಛಿಕ ಸ್ನಾಯುವಿಗೆ ಆ ನಿಯಂತ್ರಣವಿಲ್ಲ. ವೇಗಸ್ ನರದ ತುದಿಯಿಂದ ಬರುವ ಅಸಿಟೈಲ್‌ಕೋಲೀನ್ ಕೋಶದೊಳಗೆ ಕ್ಯಾಲ್ಸಿಯಂ ಏರಿಸುತ್ತದೆ. ಕ್ಯಾಲ್ಸಿಯಂ ಕ್ಯಾಲ್ಮಾಡ್ಯುಲಿನ್ ಜತೆಗೂಡಿ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಆ ಕಿಣ್ವ ಮಯೋಸಿನ್‌ಗೆ ಫಾಸ್ಫೇಟ್ ಜೋಡಿಸಿದಾಗ ಸ್ನಾಯು ಸಂಕುಚಿಸುತ್ತದೆ.

ಇದು ಅರ್ಧ ಮಾತ್ರ. ಫಾಸ್ಫೇಟನ್ನು ಕಳಚುವ ಕಿಣ್ವವೂ ಉಂಟು. ರೋ ಕೈನೇಸ್ ಅದನ್ನು ತಡೆದರೆ, ಕ್ಯಾಲ್ಸಿಯಂ ಇಳಿದರೂ ಬಿಗಿತ ಉಳಿಯಬಲ್ಲದು. ಸಾಲ್ಬುಟಮಾಲ್ ಬೀಟಾ-2 ಗ್ರಾಹಕದ ಮೂಲಕ ಈ ತಕ್ಕಡಿಯನ್ನು ಸಡಿಲಿಕೆಯತ್ತ ವಾಲಿಸುತ್ತದೆ. ನಾಳದ ಒಳಪದರದ ಉರಿಯೂತವನ್ನು ಮಾತ್ರ ಇಳಿಸದು. ಅದಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಬೇಕು. ಉಸಿರು ಸಲೀಸಾಯಿತೆಂದು ಅದನ್ನು ಬಿಡುವವರಿಗೆ ಅಪಾಯ ತಪ್ಪಿದ್ದಲ್ಲ.

ಮುಂದಿನ ಪಾಠದಲ್ಲಿ ಎರಡೂ ಕಿಣ್ವಗಳನ್ನು ಕರಿಹಲಗೆಯ ಮೇಲೆ ಬರೆಯಿರಿ.