ಹೊಸೂರಿನ ಕಡೆಗೋ, ಕೃಷ್ಣಗಿರಿ ಕಡೆಗೋ?

ಉದ್ದನಪಲ್ಲಿಯಲ್ಲಿ ಟೀ ಕುಡಿಯಲು ಕಾರು ನಿಲ್ಲಿಸಿದಾಗಲೆಲ್ಲ ಯಾರಾದರೊಬ್ಬರು ಹತ್ತಿರ ಬಂದು ಕೇಳುತ್ತಾರೆ: ‘ಫುಲ್ ಚಾರ್ಜ್ ಮಾಡಿದ್ರೆ ಎಷ್ಟು ಓಡುತ್ತೆ ಸಾರ್?’ ನಾನು ತಿರುಗಿ ಕೇಳುತ್ತೇನೆ: ‘ಹೊಸೂರಿನ ಕಡೆಗೋ, ಕೃಷ್ಣಗಿರಿ ಕಡೆಗೋ?’

ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಸುಮಾರು 500. ನಾಲ್ಕು ಜನ ಕೂತ ಕಾರು 1,700 ಕಿಲೋ ತೂಗಿದರೆ, ಅದನ್ನು ಆ 400 ಮೀಟರ್ ಮೇಲೆತ್ತುವುದಕ್ಕೇ ಹೆಚ್ಚೂಕಡಿಮೆ ಎರಡು ಯೂನಿಟ್ ಕರೆಂಟು ಬೇಕು. ಸಮತಟ್ಟು ರಸ್ತೆಯಲ್ಲಿ ಅಷ್ಟರಲ್ಲಿ ಹನ್ನೆರಡು ಕಿಲೋಮೀಟರ್ ಹೋಗಬಹುದು. ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಒಂದಿಷ್ಟನ್ನು ಬ್ಯಾಟರಿಗೆ ಮರಳಿಸುತ್ತದೆ. ಪೂರ್ತಿಯಾಗಿ ಅಲ್ಲ.

ಮರಳಿಸಲು ಬ್ಯಾಟರಿಯಲ್ಲಿ ಜಾಗವಿರಬೇಕು. ರಾತ್ರಿಯಿಡೀ ಚಾರ್ಜ್‌ಗೆ ಹಾಕಿ, ಬೆಳಿಗ್ಗೆ ನೂರಕ್ಕೆ ನೂರು ತುಂಬಿಕೊಂಡು ರಾಯಕೋಟೆ ದಾರಿಯಲ್ಲಿ ಇಳಿದು ನೋಡಿ: ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರು ಎಂದಿನಂತೆ ಹಿಡಿಯುವುದಿಲ್ಲ, ಜಾರುತ್ತದೆ. ಬರಬೇಕಿದ್ದ ಕರೆಂಟು ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಇಳಿಯುವ ದಿನ ನಾನು ತೊಂಬತ್ತಕ್ಕೇ ಪ್ಲಗ್ ಕೀಳುತ್ತೇನೆ.

ಡ್ಯಾಶ್‌ಬೋರ್ಡಿನ ಕಿಲೋಮೀಟರ್ ಅಂಕಿಯನ್ನೂ ಇಳಿಜಾರಿನಲ್ಲಿ ನಂಬಬೇಡಿ. ಇತ್ತೀಚೆಗೆ ಓಡಿದ ಲೆಕ್ಕದ ಮೇಲೆ ಅದು ಮುಂದಿನದನ್ನು ಊಹಿಸುತ್ತದೆ, ಎದುರಿಗಿರುವ ಏರು ಅದಕ್ಕೆ ಕಾಣದು. ನೋಡಬೇಕಾದದ್ದು ಶೇಕಡಾವಾರು.

ಪ್ರಯೋಗಾಲಯದಲ್ಲಿ ರೋಲರ್ ಮೇಲೆ ಓಡಿಸಿ ಕೊಡುವ ಪ್ರಮಾಣಪತ್ರದಲ್ಲೂ ಏರಿಲ್ಲ. 2020ರ ನೆಕ್ಸಾನ್ ಇವಿಗೆ 30.2 ಯೂನಿಟ್ ಬ್ಯಾಟರಿ, 312 ಕಿಲೋಮೀಟರ್ ಎಂದಿತ್ತು. ಆಮೇಲೆ ಬಂದ 45 ಯೂನಿಟ್ಟಿನ ನೆಕ್ಸಾನ್‌ಗೆ 489 ಎಂಬ ಅಂಕಿಯ ಜೊತೆಗೆ, ನಿತ್ಯದ ಓಡಾಟಕ್ಕೆ 350ರಿಂದ 370 ಎಂದು ಟಾಟಾ ಕಂಪನಿಯೇ ಹೇಳಿತು. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಲ್ಲರೂ ಹೀಗೆ ಹೇಳಬೇಕು.

ಹೆದ್ದಾರಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತಿನ್ನುವುದು ವೇಗ. 80ರಿಂದ 100ಕ್ಕೆ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಎ.ಸಿ.ಯ ಲೆಕ್ಕ ಬೇರೆ, ಅದು ತಿನ್ನುವುದು ಗಂಟೆಗಿಷ್ಟು ಎಂದು. ಓಡುವಾಗ ಗೊತ್ತೇ ಆಗದು, ಅತ್ತಿಬೆಲೆಯ ಟೋಲ್ ಸಾಲಿನಲ್ಲಿ ನಿಂತಾಗ ಗೊತ್ತಾಗುತ್ತದೆ. ಟೈರಿನ ಗಾಳಿಯನ್ನಂತೂ ಹದಿನೈದು ದಿನಕ್ಕೊಮ್ಮೆ ನೋಡಿಸಲೇಬೇಕು.

ಕಳೆದ ಭಾನುವಾರ ಉದ್ದನಪಲ್ಲಿಯಿಂದ ಕೃಷ್ಣಗಿರಿಗೆ ಇಳಿಯಲು ಶೇಕಡ 15 ಸಾಕಾಯಿತು. ವಾಪಸು ಬರುವಾಗ ರಾಯಕೋಟೆಯಾಚೆ ಟೊಮೆಟೊ ಲಾರಿಯೊಂದು ಮುಂದೆ ಸಿಕ್ಕಿತು. ಹಿಂದೆ ಹಾಕದೆ 45ರಲ್ಲೇ ಅದರ ಬೆನ್ನಿಗೆ ಬಂದೆ. ಅದೇ ದಾರಿ, ಅದೇ ನಾಲ್ಕು ಜನ. ಟೀ ಅಂಗಡಿ ಮುಂದೆ ನಿಲ್ಲಿಸಿ ನೋಡಿದರೆ 24 ಖರ್ಚಾಗಿತ್ತು.