ಯೆಜ್ಡಿ ಪ್ರೀತಿಯ ಮೇಲೊಂದು ತಕರಾರು

ಜುಲೈ ತಿಂಗಳ ಎರಡನೇ ಭಾನುವಾರ ಬಂತೂಂದ್ರೆ ಜಾವಾ-ಯೆಜ್ಡಿ ಪ್ರೇಮಿಗಳಿಗೆ ಹಬ್ಬ. ಉಜ್ಜಿ ಹೊಳೆಸಿದ ಟ್ಯಾಂಕು, ಹಿಂದೆ ನೀಲಿ ಹೊಗೆ, ದಾರಿಯುದ್ದಕ್ಕೂ ಮೊಬೈಲ್ ಹಿಡಿದವರು. ಅವರಲ್ಲಿ ನಾನೂ ಒಬ್ಬ. ನಮ್ಮೂರಲ್ಲಿ ದೊಡ್ಡಪ್ಪನ ಹತ್ರ ರೋಡ್‌ಕಿಂಗ್ ಇತ್ತು. ಕೆರೆ ಏರಿ ಮೇಲೆ ಅದರ ಸದ್ದು ಕೇಳಿದ ಕೂಡ್ಲೇ ದೊಡ್ಡಮ್ಮ ಮುದ್ದೆಗೆ ಎಸರಿಡೋರು. ಆದರೂ ಈ ಪ್ರೀತಿಯ ಮೇಲೆ ನನ್ನದೊಂದು ತಕರಾರಿದೆ.

ಮೊದಲು ಗಾಡಿಯ ಗುಣ ಹೇಳಿಬಿಡ್ತೀನಿ. ಕಿಕ್ಕರೂ ಅದೇ, ಗೇರ್ ಲಿವರೂ ಅದೇ. ಗೇರ್ ಹಾಕುವಾಗ ಕ್ಲಚ್ಚನ್ನು ಆ ಲಿವರೇ ಬಿಡಿಸೋದು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಇಂಥ ಜಾಣತನ ನೋಡಿದ್ರೆ ಯಾವ ಇಂಜಿನಿಯರಿಗಾದರೂ ಖುಷಿಯಾಗುತ್ತೆ.

ಆದರೆ ಆ ಜಾಣತನ ಮೂಲದಲ್ಲಿ ನಮ್ಮದಲ್ಲ. ಜಾವಾ 1929ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಕಂಪನಿ. ಅದರ ಲೈಸೆನ್ಸ್ ತಂದು ಇರಾನಿ ಕುಟುಂಬ 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ನಡೆಸತೊಡಗಿತು. 1973ರಲ್ಲಿ ಗಾಡಿಯ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಪ್ರೇಮಿಗಳನ್ನು ಕೇಳಿ ನೋಡಿ. 'ಜಪಾನ್ ಗಾಡಿಗಳೂ ಸರ್ಕಾರದ ಹೊಗೆ ನಿಯಮವೂ ಸೇರಿ ಕೊಂದವು' ಅಂತಾರೆ. ಅರ್ಧ ನಿಜ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ನಾಲ್ಕು ಸ್ಟ್ರೋಕ್, ಕುಡಿಯೋ ಪೆಟ್ರೋಲು ಕಮ್ಮಿ. ಅದೇ ವರ್ಷ ಬಂದ ಯಮಹಾ ಆರ್‌ಎಕ್ಸ್ 100 ಹಗುರ, ಚುರುಕು. ಅಲ್ಲಿಂದ ಬೀಗ ಬೀಳೋವರೆಗೆ ಹನ್ನೊಂದು ವರ್ಷ ಇತ್ತು. ಅಷ್ಟರಲ್ಲಿ ಟ್ಯಾಂಕು, ಹ್ಯಾಂಡಲ್ಲು, ಮಾಡೆಲ್ ಹೆಸರು ಬದಲಾದವು. ಮುಖ್ಯ ಗಾಡಿಯ ಹೊಟ್ಟೆಯಲ್ಲಿ ಮಾತ್ರ ಅದೇ 250 ಸಿಸಿ, ಎರಡು ಸ್ಟ್ರೋಕ್ ಇಂಜಿನ್ನಿನ ವಂಶ. 'ಫಾರೆವರ್ ಬೈಕ್' ಅನ್ನೋದು ಅವರ ಜಾಹೀರಾತಿನ ಮಾತು. ಅದನ್ನ ನಾವು ಇವತ್ತೂ ಹೊಗಳಿಕೆ ಅಂತಲೇ ಓದ್ತೀವಿ. ನನಗೆ ಅದರಲ್ಲೇ ರೋಗ ಕಾಣುತ್ತೆ. ನಮ್ಮ ಆಫೀಸಿನ ಭಾಷೇಲಿ ಹೇಳೋದಾದ್ರೆ: ಹಳೇ ಕೋಡು, ಓಡ್ತಿದೆಯಲ್ಲ, ಮುಟ್ಟಬೇಡ.

2018ರಲ್ಲಿ ಜಾವಾ ಹೆಸರು ಮರಳಿ ಬಂತು, 2022ರಲ್ಲಿ ಯೆಜ್ಡಿ. ಆದರೆ ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿಗೆ ಬಂದದ್ದು ನೆನಪು ಮಾತ್ರ, ಕೆಲಸ ಅಲ್ಲ. ಯಾದವಗಿರಿಯಲ್ಲಿ ಆ ಇಂಜಿನ್ ಜೋಡಿಸಿ ಸಂಸಾರ ನಡೆಸಿದ ಕೈಗಳು ನಮ್ಮ ಈ ಹಬ್ಬದ ಫೋಟೋಗಳಲ್ಲಿ ಎಲ್ಲಿವೆ?

ಇದು ಬೈಕಿನ ಮಾತಷ್ಟೇ ಆಗಿದ್ರೆ ಸುಮ್ಮನಿರ್ತಿದ್ದೆ. ಹೊರಗಿನವರ ಡಿಸೈನು, ನಮ್ಮ ಕೈಕೆಲಸ. ನಾನು, ನನ್ನಂಥ ಎಷ್ಟೋ ಜನ ದಿನಾ ಲ್ಯಾಪ್‌ಟಾಪ್ ತೆಗೆದು ಮಾಡ್ತಿರೋದೂ ಅದನ್ನೇ. ನಮ್ಮ 1985 ಯಾವುದು, ಅದು ಬಂದಾಗಿದೆಯಾ?

ಮುಂದಿನ ಜುಲೈಗೆ ಫೋಟೋ ತೆಗೆಸ್ಕೊಳ್ಳಿ, ಬೇಡ ಅನ್ನಲ್ಲ. ಹಾಗೇ ಆ ಕಾರ್ಖಾನೆಯ ಹಳೇ ಫಿಟ್ಟರ್ ಒಬ್ಬರನ್ನ ಹುಡುಕಿ ಒಂದು ಕಾಫಿ ಕುಡಿಸಿ ಕೇಳಿ: ಆ ಹನ್ನೊಂದು ವರ್ಷ ಒಳಗೆ ಏನ್ ನಡೀತಿತ್ತು ಸಾರ್?