ದಾನಿಯ ಪುಟವೋ, ಹಸಿದವರ ಪುಟವೋ?

ಆಹಾರವನ್ನು ಸಂಗ್ರಹಿಸುವುದು ಒಂದು ಕಾರ್ಯ. ಅದು ಎಲ್ಲಿ, ಯಾವಾಗ ದೊರೆಯುವುದೆಂದು ಹಸಿದವರಿಗೆ ತಿಳಿಸುವುದು ಮತ್ತೊಂದು ಕಾರ್ಯ. ಅಮೆರಿಕದ ಆಹಾರ ಬ್ಯಾಂಕುಗಳು ಮೊದಲನೆಯದರಲ್ಲಿ ತೋರಿರುವ ದಕ್ಷತೆ ಪ್ರಶಂಸನೀಯವಾದುದು. ಎರಡನೆಯದಕ್ಕಾಗಿ ಅವು ಸಾಮಾಜಿಕ ಜಾಲತಾಣಗಳನ್ನು ಬಳಸುತ್ತಿರುವ ರೀತಿ ಮಾತ್ರ ವಿಮರ್ಶೆಗೆ ಅರ್ಹವಾಗಿದೆ.

1967ರಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ ಅವರು ಸ್ಥಾಪಿಸಿದ ಸೇಂಟ್ ಮೇರೀಸ್ ಆಹಾರ ಬ್ಯಾಂಕ್ ಈ ಬಗೆಯ ಸಂಸ್ಥೆಗಳಲ್ಲಿ ಮೊದಲನೆಯದು. ಮಾರಾಟವಾಗದೆ ಉಳಿದ, ಆದರೆ ತಿನ್ನಲು ಯೋಗ್ಯವಾದ ಪದಾರ್ಥಗಳನ್ನು ಠೇವಣಿಯಂತೆ ಪಡೆದು ಅಗತ್ಯವುಳ್ಳವರಿಗೆ ಹಂಚುವುದು ಇದರ ಕ್ರಮ. ‘ಫೀಡಿಂಗ್ ಅಮೆರಿಕ’ ಒಕ್ಕೂಟದಲ್ಲಿ ಈಗ ಇಂತಹ ಅನೇಕ ಬ್ಯಾಂಕುಗಳಿವೆ.

ಫೇಸ್‌ಬುಕ್ಕಿನಂತಹ ತಾಣದಲ್ಲಿ ಆಹಾರ ಬ್ಯಾಂಕಿನ ಪುಟಕ್ಕೆ ಇಬ್ಬರು ಓದುಗರಿರುತ್ತಾರೆ: ಕೊಡುವವರು ಮತ್ತು ಪಡೆಯುವವರು. ದೇಣಿಗೆಯ ಮನವಿ, ಸ್ವಯಂಸೇವಕರ ಭಾವಚಿತ್ರ, ಕಂಪನಿಗಳಿಗೆ ಕೃತಜ್ಞತೆ, ಇವೆಲ್ಲ ಕೊಡುವವರಿಗಾಗಿ. ಪಡೆಯುವವರಿಗೆ ಬೇಕಾದದ್ದು ವಿತರಣೆಯ ಸ್ಥಳ, ವೇಳೆ, ಗುರುತಿನ ಚೀಟಿ ಬೇಕೋ ಬೇಡವೋ ಎಂಬ ವಿವರ. ಹಿಮಪಾತದಿಂದ ವಿತರಣೆ ನಿಂತರೆ ಆ ಕ್ಷಣವೇ ತಿಳಿಸಲು ಜಾಲತಾಣಕ್ಕಿಂತ ಶೀಘ್ರವಾದ ಸಾಧನ ವಿರಳ. ಬಡವರ ಬಸ್ಸಿನ ಹಣ ಅಷ್ಟರಿಂದಲೇ ಉಳಿಯುತ್ತದೆ. ಆದರೆ ಇಂತಹ ವಿವರ ಧನ್ಯವಾದಗಳ ರಾಶಿಯಲ್ಲಿ ಮುಳುಗಿಹೋದರೆ ಪ್ರಯೋಜನವೇನು?

2020ರ ಏಪ್ರಿಲ್ 9ರಂದು ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೋದಲ್ಲಿ ಸುಮಾರು 10,000 ಕುಟುಂಬಗಳು ಆಹಾರಕ್ಕಾಗಿ ಕಾರುಗಳಲ್ಲಿ ಸಾಲುಗಟ್ಟಿದವು. ಮುಂಚಿತವಾಗಿ ಹೆಸರು ನೋಂದಾಯಿಸದ ಸಾವಿರಾರು ಕುಟುಂಬಗಳೂ ಅವುಗಳಲ್ಲಿದ್ದವು. ಆಕಾಶದಿಂದ ತೆಗೆದ ಆ ಚಿತ್ರ ದೇಶದಾದ್ಯಂತ ಹರಡಿತು. ಅದರಲ್ಲಿ ಹಸಿವಿನ ಪ್ರಮಾಣ ಕಂಡಿತೇ ಹೊರತು ಯಾರೊಬ್ಬರ ಮುಖವೂ ಕಾಣಲಿಲ್ಲ. ಎಲ್ಲ ಪ್ರಚಾರವೂ ಈ ಸಂಯಮವನ್ನು ಪಾಲಿಸುವುದಿಲ್ಲ. ಚೀಲ ಪಡೆಯುವ ತಾಯಿಯ ಭಾವಚಿತ್ರವನ್ನು ಅವಳ ನೆರೆಹೊರೆಯವರೂ, ಮಕ್ಕಳ ಸಹಪಾಠಿಗಳೂ ನೋಡುತ್ತಾರೆ. ಮರುವಾರ ಅವಳು ಬರದಿದ್ದರೆ ಆ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಎಲ್ಲರೂ ಓದುವಂತೆ ‘ನನಗೆ ಆಹಾರ ಬೇಕಾಗಿದೆ’ ಎಂದು ಬರೆಯಲು ಸಂಕೋಚಪಡುವವರೂ ಅನೇಕರು.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ‘ನೋ ಕಿಡ್ ಹಂಗ್ರಿ’ ಅಭಿಯಾನವು ಮಕ್ಕಳ ಊಟಕ್ಕಾಗಿ ಒಂದು ಸಂದೇಶಸೇವೆಯನ್ನು ರೂಪಿಸಿತು. ‘ಫುಡ್’ ಎಂದಾಗಲಿ, ಸ್ಪ್ಯಾನಿಷ್ ಭಾಷೆಯಲ್ಲಿ ‘ಕೊಮಿದಾ’ ಎಂದಾಗಲಿ 304-304 ಸಂಖ್ಯೆಗೆ ಕಳುಹಿಸಿದರೆ, ಸಮೀಪದಲ್ಲಿ ಉಚಿತ ಊಟ ದೊರೆಯುವ ಸ್ಥಳದ ಮಾಹಿತಿ ಪಡೆಯಬಹುದಾಗಿತ್ತು. ಪ್ರಶ್ನೆಯೂ ಗುಟ್ಟು, ಉತ್ತರವೂ ಗುಟ್ಟು. ಸಾಧಾರಣ ಮೊಬೈಲ್ ಫೋನೂ ಸಾಕು. ಜಾಲತಾಣದ ಪ್ರಕಟಣೆ ಇಂತಹ ಬಾಗಿಲನ್ನು ತೋರಿಸುವ ಕೈಯಾಗಬೇಕು.

ಜಾಲತಾಣದಲ್ಲಿ ಬಂದ ಮೆಚ್ಚುಗೆಗಳ ಸಂಖ್ಯೆಯನ್ನು ಆಹಾರ ಬ್ಯಾಂಕು ಜಮೆಯೆಂದು ಬರೆದುಕೊಳ್ಳಲಾಗದು. ಪ್ರಕಟಣೆಯನ್ನು ಓದಿ ಎಷ್ಟು ಮಂದಿ ಬಂದರು, ಬಂದವರು ತಲೆಯೆತ್ತಿ ಹಿಂದಿರುಗಿದರೇ ಎಂಬುದೇ ನಿಜವಾದ ಲೆಕ್ಕ. ಅನ್ನದೊಡನೆ ಅಭಯವನ್ನೂ ಕೊಟ್ಟಾಗ ಮಾತ್ರ ದಾನ ಪೂರ್ಣವಾಗುತ್ತದೆ.